ಲವಣ, ಶೋಫ, ಮುಖದೂಷಿಕೆ

೧

“ಉಪ್ಪು ತಿಂದವನು ನೀರು ಕುಡಿಯಲೇಬೇಕು” ಎಂಬ ಗಾದೆಯನ್ನು ಕನ್ನಡ ನಾಡಿನ ಜನರು ಕರ್ಮಫಲದ ಅರ್ಥದಲ್ಲಿ ಪ್ರಯೋಗಿಸುವುದು ವಾಡಿಕೆ. ತಪ್ಪು ಮಾಡಿದವನು ಅದರ ಫಲವನ್ನು ಉಣ್ಣದೆ ತೀರದೆಂಬುದು ಅದರ ಲಕ್ಷ್ಯಾರ್ಥ. ಅದರ ವಾಚ್ಯಾರ್ಥವೂ ಅಷ್ಟೇ ನಿಜವಾದುದು. ಶರೀರದಲ್ಲಿ ಉಪ್ಪಿಗೂ ನೀರಿಗೂ ಇರುವ ನಂಟು ಎಷ್ಟು ಗಾಢವೆಂದರೆ, ಒಂದು ನಿಂತರೆ ಇನ್ನೊಂದೂ ಪ್ರಾಯಶಃ ಅದರ ಜೊತೆಯಲ್ಲಿಯೇ ನಿಲ್ಲುವುದು. ಗಾದೆಯನ್ನು ಕಟ್ಟಿದವರು ನಾಲಗೆಯ ಅನುಭವದಿಂದ ಕಂಡ ಈ ಮಾತನ್ನು ವೈದ್ಯರು ತಕ್ಕಡಿಯಲ್ಲಿ ತೂಗಿ ಸ್ಥಾಪಿಸುವುದಕ್ಕೆ ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಈ ಸತ್ಯದ ಬೆನ್ನಿಗೆ ಮತ್ತೊಂದು ನಂಬಿಕೆ ಸೇರಿಕೊಂಡಿರುವುದು. ಹದಿನಾಲ್ಕು ಹದಿನೈದು ವರ್ಷದ ಹುಡುಗನಿಗೋ ಹುಡುಗಿಗೋ ಮುಖದಲ್ಲಿ ಮೊಡವೆ ಏಳಲಾರಂಭಿಸಿದರೆ, “ಉಪ್ಪು ಹುಳಿ ಖಾರ ಬಿಡು” ಎಂಬುದೇ ಮನೆಯ ಹಿರಿಯರ ಮೊದಲ ಮಾತು. ಉಪ್ಪಿನಕಾಯಿಯ ಜಾಡಿ ಆ ಮಗುವಿನ ಎಲೆಯಿಂದ ದೂರವಾಗುವುದು. ಹಪ್ಪಳ ಸಂಡಿಗೆಗಳು ಪಂಕ್ತಿಯಲ್ಲಿ ಅದೊಂದು ಎಲೆಯನ್ನು ದಾಟಿ ಮುಂದೆ ಹೋಗುವುವು. ಅಷ್ಟಾದರೂ ಮೊಡವೆ ಮಾಯದಿದ್ದರೆ ಮಗು ಕದ್ದು ತಿಂದಿರಬೇಕೆಂಬ ಸಂಶಯವೂ ಹುಟ್ಟುವುದು. ಹೀಗೆ ಚರ್ಮದ ಒಂದು ವಿಕಾರವು ನಾಲಗೆಯ ಚಾಪಲ್ಯಕ್ಕೆ ವಿಧಿಸಿದ ದಂಡವಾಗಿ ಪರಿಣಮಿಸುವುದು.

ಈ ನಂಬಿಕೆಗೆ ಇಂದು ಒಂದು ಶಾಸ್ತ್ರೀಯವಾದ ಉಡುಗೆಯೂ ದೊರೆತಿದೆ. ಉಪ್ಪು ನೀರನ್ನು ಹಿಡಿದಿಡುವುದು; ನೀರು ನಿಂತ ಚರ್ಮ ಊದುವುದು; ಊದಿದ ಚರ್ಮದಲ್ಲಿ ರೋಮಕೂಪಗಳ ಬಾಯಿ ಮುಚ್ಚಿ ಮೊಡವೆ ಏಳುವುದು. ಸರಪಣಿಯ ಮೂರು ಕೊಂಡಿಗಳೂ ಒಂದಕ್ಕೊಂದು ಸೊಗಸಾಗಿ ಕೂಡಿಕೊಂಡಂತೆ ತೋರುವುವು. ಆದರೆ ಒಂದೊಂದು ಕೊಂಡಿಯೂ ಯಾವಾಗ, ಯಾರಿಂದ, ಎಂತಹ ಪರೀಕ್ಷೆಗೆ ಒಳಗಾಯಿತೆಂಬುದನ್ನು ಚರಿತ್ರೆಯಲ್ಲಿ ಹುಡುಕಿದರೆ ಮೂರರ ಬಲವೂ ಒಂದೇ ಅಲ್ಲವೆಂಬುದು ಸ್ಫುಟವಾಗುವುದು.

೨

ಆಯುರ್ವೇದದ ಪ್ರಾಚೀನ ಗ್ರಂಥಗಳಲ್ಲಿ ಉಪ್ಪಿನ ವಿಷಯ ಹಲವು ಕಡೆ ಬಂದಿದೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ, ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳೆಂದು ಹಿಪ್ಪಲಿ, ಕ್ಷಾರ, ಲವಣ ಇವುಗಳನ್ನು ಎಣಿಸಿದೆ. ಬಾಹ್ಲೀಕ, ಸೌರಾಷ್ಟ್ರ, ಸಿಂಧು, ಸೌವೀರ ದೇಶಗಳವರು ಹಾಲಿನೊಡನೆಯೂ ಉಪ್ಪನ್ನು ತಿನ್ನುವರೆಂದು ಅಲ್ಲಿ ಹೇಳಿದೆ. ಅತಿಲವಣಕ್ಕೆ ಒಗ್ಗಿದವರಿಗೆ ಅಕಾಲದಲ್ಲಿ ಕೂದಲು ಉದುರುವುದು, ನರೆ ಬರುವುದು, ಚರ್ಮ ಸುಕ್ಕುಗಟ್ಟುವುದು ಎಂದೂ ಹೇಳಿದೆ. ಉಪ್ಪಿಗೂ ಚರ್ಮಕ್ಕೂ ಸಂಬಂಧವನ್ನು ಕಲ್ಪಿಸಿದ ಹಳೆಯ ವಾಕ್ಯಗಳಲ್ಲಿ ಇದೂ ಒಂದು. ಮೊಡವೆಯ ಹೆಸರು ಮಾತ್ರ ಆ ಎಣಿಕೆಯಲ್ಲಿಲ್ಲ.

ಅದೇ ಸಂಹಿತೆಯ ಚಿಕಿತ್ಸಾಸ್ಥಾನದ ೧೨ನೆಯ ಅಧ್ಯಾಯಕ್ಕೆ ಶ್ವಯಥು, ಎಂದರೆ ಮೈಯ ಬಾವು, ವಿಷಯವಾಗಿದೆ. ಬಾವಿನ ರೋಗಿಯು ವರ್ಜಿಸಬೇಕಾದ ಪದಾರ್ಥಗಳಲ್ಲಿ ಅಲ್ಲಿ ಉಪ್ಪನ್ನೂ ಹೇಳಿದೆ. ೧೩ನೆಯ ಅಧ್ಯಾಯವಾದ ಉದರಚಿಕಿತ್ಸೆಯಲ್ಲಿ, ಹೊಟ್ಟೆಯಲ್ಲಿ ನೀರು ತುಂಬುವ ರೋಗಿಗೆ ಉಪ್ಪನ್ನೂ ನೀರು ಕುಡಿಯುವುದನ್ನೂ ನಿಷೇಧಿಸಿ ಹಾಲನ್ನು ಪಥ್ಯವಾಗಿ ವಿಧಿಸಿದೆ. ಈ ವಿಧಿ ಹಾಸಿಗೆಯ ಪಕ್ಕದಲ್ಲಿ ಕುಳಿತು ರೋಗಿಗಳನ್ನು ಬಹುಕಾಲ ಕಂಡವರ ಅನುಭವದ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಾವಿನ ರೋಗಿಗೆ ಹೇಳಿದ ನಿಷೇಧದ ಪಟ್ಟಿಯಲ್ಲಿ ಮಾಂಸ, ಒಣಗಿದ ಕಾಯಿಪಲ್ಯ, ಹೊಸ ಧಾನ್ಯ, ಬೆಲ್ಲದ ಪದಾರ್ಥ, ಹಿಟ್ಟಿನ ಭಕ್ಷ್ಯ, ಮೊಸರು, ಎಳ್ಳು, ಮದ್ಯ ಮೊದಲಾದ ಅನೇಕ ವಸ್ತುಗಳೂ ಇರುವುವು. ಇವುಗಳಲ್ಲಿ ದೋಷ ಯಾವುದರದು, ಜೊತೆಯಲ್ಲಿ ಸುಮ್ಮನೆ ನಿಂತುದು ಯಾವುದು ಎಂದು ಬಿಡಿಸಿ ನೋಡುವ ಕೆಲಸ ಆಗ ನಡೆಯಲಿಲ್ಲ.

ಇನ್ನು ಮೊಡವೆಯ ವಿಚಾರ. ಸುಶ್ರುತಸಂಹಿತೆಯ ನಿದಾನಸ್ಥಾನದ ೧೩ನೆಯ ಅಧ್ಯಾಯದಲ್ಲಿ, ಕ್ಷುದ್ರರೋಗಗಳ ಸಾಲಿನಲ್ಲಿ ಇದಕ್ಕೆ ಮುಖದೂಷಿಕೆಯೆಂಬ ಹೆಸರಿದೆ. ಕಫ, ವಾತ, ರಕ್ತಗಳ ದೋಷದಿಂದ ತರುಣರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆಗಳೆಂದು ಅದರ ಲಕ್ಷಣ. ಅಲ್ಲಿಯೂ ಉಪ್ಪಿನ ಮಾತಿಲ್ಲ. ಎತ್ತಿ ಹೇಳಿರುವುದು ತಾರುಣ್ಯವನ್ನು. ಇನ್ನೂ ಕೌತುಕದ ಸಂಗತಿಯೆಂದರೆ, ಚಿಕಿತ್ಸಾಸ್ಥಾನದಲ್ಲಿ ಈ ಗುಳ್ಳೆಗಳಿಗೆ ಹೇಳಿದ ಲೇಪದಲ್ಲಿ ಬಜೆ, ಲೋಧ್ರ, ಸಾಸಿವೆಗಳೊಡನೆ ಸೈಂಧವಲವಣವೂ ಸೇರಿರುವುದು. ಊಟದಲ್ಲಿ ಮೊಡವೆಗೆ ಶತ್ರುವೆಂದು ಮನೆಮಂದಿ ತಿಳಿದ ವಸ್ತುವೇ ಸುಶ್ರುತನಲ್ಲಿ ಮೊಡವೆಯ ಮೇಲೆ ಹಚ್ಚುವ ಔಷಧ.

ಹಾಗಾದರೆ ಉಪ್ಪು ಬಿಡಿಸುವ ಪದ್ಧತಿ ಎಲ್ಲಿಂದ ಬಂದಿತು? ಲವಣರಸವು ಮಿತಿಮೀರಿದರೆ ಪಿತ್ತವನ್ನು ಕೆರಳಿಸಿ ರಕ್ತವನ್ನು ಹೆಚ್ಚಿಸುವುದೆಂದು ಚರಕನ ಸೂತ್ರಸ್ಥಾನ ಹೇಳುವುದು. ಮೊಡವೆಗೆ ರಕ್ತದೋಷವೂ ಕಾರಣವೆಂದು ಸುಶ್ರುತನು ಹೇಳುವನು. ಎರಡು ವಾಕ್ಯಗಳನ್ನು ಹೊಸೆದರೆ ಮೂರನೆಯದು ತಾನಾಗಿ ಹೊರಡುವುದು. ಅದು ಊಹೆ, ಊಹೆಯು ತಪ್ಪೇ ಆಗಿರಬೇಕೆಂದಿಲ್ಲ. ಆದರೆ ಪರೀಕ್ಷೆಗೆ ನಿಲ್ಲುವವರೆಗೆ ಅದು ಪ್ರಮಾಣವೂ ಆಗಲಾರದು.

೩

ಮೊದಲನೆಯ ಕೊಂಡಿ, ಎಂದರೆ ಉಪ್ಪು ನೀರನ್ನು ಹಿಡಿದಿಡುವುದೆಂಬ ಮಾತು, ಪರೀಕ್ಷೆಗೆ ಬಂದುದು ಫ್ರಾನ್ಸ್ ದೇಶದಲ್ಲಿ. ಅದಕ್ಕೂ ಮುಂಚೆ, ೧೮೬೬ರಲ್ಲಿ, ರಷ್ಯದ ಚಕ್ರವರ್ತಿಯ ವೈದ್ಯನಾಗಿದ್ದ ಫಿಲಿಪ್ ಕಾರೆಲ್ ಎಂಬವನು ಬಾವಿನ ರೋಗಿಗಳಿಗೆ ಅನ್ಯಾಹಾರವನ್ನು ಬಿಡಿಸಿ ಅಳತೆಯಾಗಿ ಹಾಲನ್ನು ಮಾತ್ರ ಕೊಟ್ಟು ಗುಣ ಕಂಡ ವಿಷಯವನ್ನು ಪ್ರಕಟಿಸಿದ್ದನು. ಹಾಲಿನ ಪಥ್ಯ ಯುರೋಪಿನಲ್ಲೆಲ್ಲ ಹಬ್ಬಿತು. ಆದರೆ ಗುಣವು ಹಾಲಿನಲ್ಲಿರುವ ಯಾವುದೋ ವಸ್ತುವಿನದೆಂದು ಕೆಲವರೂ, ಮಾಂಸವನ್ನು ಬಿಟ್ಟುದರ ಫಲವೆಂದು ಕೆಲವರೂ ಭಾವಿಸಿದರು. ಹಾಲಿನಲ್ಲಿ ಏನು ಇಲ್ಲವೆಂಬುದರ ಕಡೆಗೆ ಬಹಳ ಮಂದಿಯ ದೃಷ್ಟಿ ಹೊರಳಲಿಲ್ಲ. ಒಂದು ಲೀಟರು ಹಸುವಿನ ಹಾಲಿನಲ್ಲಿರುವ ಸೋಡಿಯಂ ಸುಮಾರು ಒಂದು ಗ್ರಾಂ ಉಪ್ಪಿನಲ್ಲಿರುವಷ್ಟು ಮಾತ್ರ.

ಪ್ಯಾರಿಸ್ ನಗರದ ಫೆರ್ನಾಂ ವಿಡಾಲನ ಹೆಸರು ಭಾರತದ ಮನೆಗಳಿಗೆ ಅಪರಿಚಿತವಲ್ಲ. ವಿಷಮಶೀತಜ್ವರವನ್ನು ಗುರುತಿಸಲು ಮಾಡುವ ‘ವಿಡಾಲ್ ಪರೀಕ್ಷೆ’ ೧೮೯೬ರಲ್ಲಿ ಆತನಿಂದಲೇ ಬಂದುದು. ಅದೇ ವಿಡಾಲನು ೧೯೦೩ರಲ್ಲಿ ಅಡಾಲ್ಫ್ ಜಾವಾಲ್ ಎಂಬವನೊಡನೆ ಸೇರಿ, ಮೂತ್ರಪಿಂಡದ ರೋಗದಿಂದ ಮೈ ಬಾತವರನ್ನು ಪ್ರತಿದಿನವೂ ತೂಗುತ್ತ ಬಂದನು. ಹಾಲಿನ ಪಥ್ಯದಲ್ಲಿಯೇ ಇರಿಸಿ ಅದಕ್ಕೆ ಉಪ್ಪನ್ನು ಬೆರಸಿಕೊಟ್ಟಾಗ ರೋಗಿಯ ತೂಕ ಏರಿತು, ಬಾವು ಮರಳಿತು. ಆವರೆಗೆ ನಿಷಿದ್ಧವಾಗಿದ್ದ ಮಾಂಸವನ್ನೇ ಉಪ್ಪಿಲ್ಲದೆ ಕೊಟ್ಟಾಗ ತೂಕ ಇಳಿಯಿತು, ಬಾವು ಕರಗಿತು. ತರ್ಕಶಾಸ್ತ್ರದವರು ಅನ್ವಯವ್ಯತಿರೇಕವೆಂದು ಕರೆಯುವ ಕ್ರಮ ಇದೇ: ಉಪ್ಪಿದ್ದರೆ ಬಾವುಂಟು, ಉಪ್ಪಿಲ್ಲದಿದ್ದರೆ ಬಾವಿಲ್ಲ, ಹಾಲಿದ್ದರೂ ಮಾಂಸವಿದ್ದರೂ ಫಲ ಬೇರೆಯಾಗುವುದಿಲ್ಲ. ಚರಕನ ಕಾಲದಿಂದ ಪಟ್ಟಿಯಲ್ಲಿ ಹಲವರೊಡನೆ ನಿಂತಿದ್ದ ಲವಣವನ್ನು ವಿಡಾಲನು ಒಂಟಿಯಾಗಿ ಹೊರಗೆ ಕರೆದು ವಿಚಾರಿಸಿದನು.

ಇದರ ಯುಕ್ತಿ ಸರಳವಾದುದು. ರಕ್ತದ ನೀರಿನಲ್ಲಿಯೂ ಜೀವಕೋಶಗಳ ಹೊರಗೆ ನಿಂತ ದ್ರವದಲ್ಲಿಯೂ ಉಪ್ಪಿನ ಪ್ರಮಾಣವನ್ನು ದೇಹವು ಬಹು ಜಾಗರೂಕತೆಯಿಂದ ಒಂದೇ ಮಟ್ಟದಲ್ಲಿ ಕಾಪಾಡುವುದು. ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಹನಿಹನಿಯಾಗಿ ಏರಿಸುವ ಉಪ್ಪುನೀರಿನಲ್ಲಿ ಲೀಟರಿಗೆ ೯ ಗ್ರಾಂ ಉಪ್ಪಿರುವುದೂ ಈ ಮಟ್ಟವನ್ನು ಅನುಸರಿಸಿಯೇ. ಆದುದರಿಂದ ಮೂತ್ರಪಿಂಡವು ಹೊರಹಾಕಲಾರದೆ ೯ ಗ್ರಾಂ ಉಪ್ಪು ಒಳಗೆ ಉಳಿದರೆ, ಅದನ್ನು ತಿಳಿಯಾಗಿಸಲು ಸುಮಾರು ಒಂದು ಲೀಟರು ನೀರೂ ಒಳಗೇ ಉಳಿಯಬೇಕಾಗುವುದು. ಬಾಯಾರಿಕೆಯು ಆ ನೀರನ್ನು ತರಿಸಿಕೊಳ್ಳುವ ದೂತ.

ಇದರ ವಿಪರ್ಯಯವನ್ನು ೧೯೩೦ರ ದಶಕದಲ್ಲಿ ಲಂಡನ್ನಿನ ರಾಬರ್ಟ್ ಮೆಕಾನ್ಸ್ ಎಂಬ ವೈದ್ಯನು ತೋರಿಸಿದನು. ಆರೋಗ್ಯವಂತರಾದ ಕೆಲವರು ಸ್ವಸಂತೋಷದಿಂದ ಉಪ್ಪಿಲ್ಲದ ಊಟವನ್ನು ಉಂಡು, ಕಾವಿನಲ್ಲಿ ಮಲಗಿ ಬೆವರು ಸುರಿಸಿ, ದೇಹದ ಉಪ್ಪನ್ನು ಬರಿದುಮಾಡಿಕೊಂಡರು. ಮೊದಲ ಕೆಲವು ದಿನಗಳಲ್ಲಿ ಉಪ್ಪಿನೊಡನೆ ನೀರೂ ಹೊರಟು ತೂಕ ತಗ್ಗಿತು. ಬಳಿಕ ಆಹಾರದ ರುಚಿ ಕೆಟ್ಟಿತು, ಸ್ನಾಯುಗಳು ಸೆಳೆದವು, ಮೈ ಸೋತಿತು. ಉಪ್ಪು ಕೇವಲ ನಾಲಗೆಯ ಚಪಲಕ್ಕಾಗಿ ಇರುವ ವಸ್ತುವಲ್ಲವೆಂಬುದು ಇದರಿಂದ ವಿಶದವಾಯಿತು. ೧೯೫೩ರಲ್ಲಿ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಎಂಬವರು ತಮ್ಮ ಸಹಕಾರಿಗಳೊಡನೆ, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಗ್ರಂಥಿಗಳಿಂದ ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಉಪ್ಪನ್ನು ಬಿಡದೆ ಹಿಡಿದುಕೊಳ್ಳೆಂದು ಮೂತ್ರಪಿಂಡಕ್ಕೆ ಅಪ್ಪಣೆ ಕೊಡುವುದು ಇದರ ಕೆಲಸ.

ಹೀಗೆ ಮೊದಲನೆಯ ಕೊಂಡಿ ಭದ್ರವಾದುದು. ಎರಡನೆಯದರಲ್ಲಿ, ಎಂದರೆ ಚರ್ಮದ ಊತದಲ್ಲಿ, ಸ್ವಲ್ಪ ತಾರತಮ್ಯವನ್ನು ಎಣಿಸಬೇಕು. ವಿಡಾಲನ ರೋಗಿಗಳ ಮೂತ್ರಪಿಂಡಗಳು ಕೆಟ್ಟಿದ್ದುವು. ಆರೋಗ್ಯವಂತನ ಮೂತ್ರಪಿಂಡವು ಅಧಿಕವಾಗಿ ಬಂದ ಉಪ್ಪನ್ನು ಕೆಲವು ದಿನಗಳಲ್ಲಿ ಹೊರಗೆ ಕಳುಹಿಸಿಬಿಡುವುದು. ಮದುವೆಯ ಊಟದ ಮರುದಿನ ಬೆಳಗ್ಗೆ ಕಣ್ಣರೆಪ್ಪೆಗಳು ಕೊಂಚ ಭಾರವಾದಂತೆ ಕಂಡರೆ ಅದು ಆ ನಡುವಿನ ಅವಧಿಯ ಗುರುತಾಗಿರಬಹುದು. ೨೦೦೦ದಲ್ಲಿ ಜರ್ಮನಿಯ ವಿಜ್ಞಾನಿಗಳು ಆರೋಗ್ಯವಂತರಿಗೆ ಅಳೆದು ಅಧಿಕವಾಗಿ ಉಪ್ಪು ಕೊಟ್ಟು ನೋಡಿದಾಗ ದೇಹದಲ್ಲಿರುವ ಒಟ್ಟು ನೀರು ಹೆಚ್ಚಲಿಲ್ಲ. ೨೦೦೯ರಲ್ಲಿ ಯೆನ್ಸ್ ಟಿಟ್ಸ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ, ಇಲಿಗಳ ಚರ್ಮವು ಉಪ್ಪನ್ನು ತಕ್ಕಷ್ಟು ನೀರಿಲ್ಲದೆಯೇ ತನ್ನಲ್ಲಿ ಕೂಡಿಟ್ಟುಕೊಳ್ಳಬಲ್ಲದೆಂದು ತೋರಿಸಿದರು. ಆದುದರಿಂದ ಚರ್ಮಕ್ಕೂ ಉಪ್ಪಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಉಪ್ಪು ತಿಂದ ಮಾತ್ರಕ್ಕೆ ಆರೋಗ್ಯವಂತನ ಮುಖವು ನೀರುಂಡು ಊದಿಕೊಂಡೇ ಇರುವುದೆನ್ನುವಂತೆಯೂ ಇಲ್ಲ.

೪

ಉಳಿದುದು ಮೂರನೆಯ ಕೊಂಡಿ: ಊತದಿಂದ ಮೊಡವೆ. ಇಲ್ಲಿ ಉಪ್ಪಿನ ಮೇಲೆ ಸಂಶಯ ಮೂಡುವಂತೆ ಮಾಡಿದ ಘಟನೆಗಳು ಚರಿತ್ರೆಯಲ್ಲಿ ಒಂದೆರಡಲ್ಲ. ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಯುಕ್ತ.

ರಸಾಯನಶಾಸ್ತ್ರದಲ್ಲಿ ಉಪ್ಪಿಗೆ ಕೆಲವರು ದಾಯಾದಿಗಳುಂಟು. ಉಪ್ಪಿನಲ್ಲಿರುವುದು ಕ್ಲೋರಿನ್; ಅದೇ ಕುಲಕ್ಕೆ ಸೇರಿದವು ಬ್ರೋಮಿನ್ ಮತ್ತು ಅಯೊಡಿನ್. ೧೮೫೭ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಲಾಕಾಕ್ ಎಂಬ ವೈದ್ಯನು ಅಪಸ್ಮಾರಕ್ಕೆ ಬ್ರೋಮೈಡಿನ ಪ್ರಯೋಗವನ್ನು ಸೂಚಿಸಿದನು. ಔಷಧವು ಬೇಗ ಪ್ರಚಾರಕ್ಕೆ ಬಂದಿತು. ಬಹುಕಾಲ ಅದನ್ನು ಸೇವಿಸಿದವರ ಮುಖದಲ್ಲಿ ಮೊಡವೆಯಂತಹ ಗುಳ್ಳೆಗಳೂ ಎದ್ದುವು. ಅಯೊಡೈಡನ್ನು ಹೆಚ್ಚಾಗಿ ಸೇವಿಸಿದವರಲ್ಲಿಯೂ ಇದೇ ಲಕ್ಷಣ ಕಾಣಿಸಿಕೊಂಡಿತು. ದಾಯಾದಿಗಳಿಬ್ಬರೂ ಅಪರಾಧಿಗಳಾದ ಮೇಲೆ ಮೂರನೆಯವನ ಮೇಲೂ ಕಣ್ಣು ಬೀಳುವುದು ಲೋಕಸ್ವಭಾವ. ಆದರೆ ನಡೆದುದು ವಿಪರೀತ. ಉಪ್ಪನ್ನು ಕಡಮೆ ಮಾಡಿದ ರೋಗಿಯಲ್ಲಿ ಬ್ರೋಮೈಡಿನ ಪ್ರಭಾವ ಇಮ್ಮಡಿಸುವುದೆಂದು ೧೮೯೯ರ ಸುಮಾರಿನಲ್ಲಿ ಪ್ಯಾರಿಸ್ಸಿನ ಶಾರ್ಲ್ ರಿಶೆ ಮತ್ತು ಟೂಲೂಸ್ ಎಂಬವರು ಕಂಡರು. ಬ್ರೋಮೈಡು ಮೈಯಲ್ಲಿ ವಿಷವಾಗಿ ನಿಂತಾಗ ಅದನ್ನು ಹೊರಡಿಸಲು ವೈದ್ಯರು ಕೊಟ್ಟುದು ಸಾಧಾರಣವಾದ ಅಡುಗೆಯ ಉಪ್ಪನ್ನೇ. ಆ ಗುಳ್ಳೆಗಳ ಮಟ್ಟಿಗೆ ಉಪ್ಪು ಔಷಧವಾಯಿತು.

ಎರಡನೆಯ ಸಂಶಯಕ್ಕೆ ಒಂದು ಹೆಸರೇ ಆಸ್ಪದ ಕೊಟ್ಟಿತು. ಜರ್ಮನಿಯ ಕಾರ್ಲ್ ಹೆರ್ಕ್ಸ್‌ಹೈಮರ್ ಎಂಬ ಚರ್ಮವೈದ್ಯನು ೧೮೯೯ರಲ್ಲಿ, ಕ್ಲೋರಿನ್ ತಯಾರಿಸುವ ಕಾರ್ಖಾನೆಯ ಕೆಲಸಗಾರರ ಮುಖದಲ್ಲಿ ದಟ್ಟವಾಗಿ ಎದ್ದ ಮೊಡವೆಗಳನ್ನು ವರ್ಣಿಸಿ, ಕ್ಲೋರಿನ್ನೇ ಕಾರಣವೆಂದು ಬಗೆದು ಆ ರೋಗಕ್ಕೆ ‘ಕ್ಲೋರಾಕ್ನೆ’ ಎಂದು ಹೆಸರಿಟ್ಟನು. ಕ್ಲೋರಿನ್ ಬೆರೆತ ಕೆಲವು ಇಂಗಾಲದ ಸಂಯುಕ್ತಗಳು, ಅವುಗಳಲ್ಲಿಯೂ ಡಯಾಕ್ಸಿನ್ ಎಂಬ ಘೋರ ವಿಷ, ಇದರ ನಿಜವಾದ ಮೂಲವೆಂದು ತಿಳಿಯಲು ದಶಕಗಳೇ ಹಿಡಿದುವು. ಅಡುಗೆಯ ಉಪ್ಪಿಗೂ ಆ ರೋಗಕ್ಕೂ ಹೆಸರಿನ ಸಾದೃಶ್ಯವನ್ನು ಬಿಟ್ಟರೆ ಬೇರೆ ನಂಟಿಲ್ಲ.

ಮೂರನೆಯದು ಎಲ್ಲಕ್ಕಿಂತ ಬಲವಾದುದು. ಸ್ತ್ರೀಯರಲ್ಲಿ ಮಾಸಿಕ ಋತುವಿಗೆ ಕೆಲವು ದಿನ ಮುಂಚೆ ಮೈ ಭಾರವಾಗುವುದು, ಕಾಲು ಮುಖಗಳು ಕೊಂಚ ಬಾತಂತೆ ತೋರುವುದು. ಅನೇಕರಿಗೆ ಆ ದಿನಗಳಲ್ಲಿಯೇ ಮೊಡವೆಯೂ ಹೆಚ್ಚುವುದು. ಎರಡೂ ಒಟ್ಟಿಗೆ ಬರುವುದನ್ನು ಪ್ರತಿ ತಿಂಗಳೂ ಕಂಡವರು ಒಂದು ಇನ್ನೊಂದಕ್ಕೆ ಕಾರಣವೆಂದುಕೊಂಡುದು ಸಹಜವೇ. ೧೯೭೩ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ವಿಲಿಯಮ್ಸ್ ಮತ್ತು ಕನ್ಲಿಫ್ ಎಂಬ ವೈದ್ಯರು, ಋತುಚಕ್ರದ ೧೫ರಿಂದ ೨೦ನೆಯ ದಿನದವರೆಗೆ ಚರ್ಮದ ಜಿಡ್ಡಿನ ನಾಳಗಳ ಬಾಯಿ ಕಿರಿದಾಗುವುದನ್ನು ಅಳೆದು ತೋರಿಸಿದರು. ನೀರು ಕುಡಿದ ಹೊರಚರ್ಮವು ಉಬ್ಬಿ ಆ ಬಾಯಿಯನ್ನು ಇಕ್ಕಟ್ಟುಮಾಡಬಹುದೆಂಬ ವಿಚಾರವೂ ಅವರಿಂದ ಬಂದಿತು. ಮೂರನೆಯ ಕೊಂಡಿಗೆ ಶಾಸ್ತ್ರದಲ್ಲಿ ಇರುವ ಅತ್ಯಂತ ಸಮೀಪದ ಆಧಾರ ಇದು. ಆದರೆ ಇಲ್ಲಿ ಎಚ್ಚರವಿರಬೇಕು. ಆ ದಿನಗಳ ವ್ಯತ್ಯಾಸಗಳನ್ನು ನಡೆಸುವುದು ಹಾರ್ಮೋನುಗಳ ಏರಿಳಿತ. ಊಟದ ಉಪ್ಪನ್ನು ಹೆಚ್ಚಿಸಿ ಕಡಮೆಮಾಡಿ ಆ ನಾಳಗಳ ಬಾಯಿಯನ್ನು ಅಳೆದುದಲ್ಲ. ಒಂದೇ ಬೇರಿನಿಂದ ಎದ್ದ ಎರಡು ಕೊಂಬೆಗಳಲ್ಲಿ ಒಂದನ್ನು ಇನ್ನೊಂದರ ತಾಯಿಯೆಂದು ಎಣಿಸಬಾರದು.

೫

ಆ ಬೇರು ಯಾವುದೆಂಬುದು ಅಷ್ಟು ಹೊತ್ತಿಗಾಗಲೇ ತಿಳಿದಿತ್ತು. ೧೯೪೧ರಲ್ಲಿ ಅಮೆರಿಕೆಯ ಜೇಮ್ಸ್ ಹ್ಯಾಮಿಲ್ಟನ್ ಎಂಬವನು, ತಾರುಣ್ಯಕ್ಕೆ ಮುಂಚೆಯೇ ವೃಷಣಗಳನ್ನು ಕಳೆದುಕೊಂಡ ಪುರುಷರಿಗೆ ಮೊಡವೆ ಏಳುವುದಿಲ್ಲವೆಂದೂ, ಅಂತಹವರಿಗೆ ಪುರುಷ ಹಾರ್ಮೋನನ್ನು ಕೊಟ್ಟಾಗ ಮೊಡವೆ ಏಳುವುದೆಂದೂ ತೋರಿಸಿದನು. ಈ ಹಾರ್ಮೋನು ಸ್ತ್ರೀಯರ ದೇಹದಲ್ಲಿಯೂ ಅಲ್ಪಪ್ರಮಾಣದಲ್ಲಿ ಇರುವುದು. ತಾರುಣ್ಯದಲ್ಲಿ ಅದರ ಪ್ರೇರಣೆಯಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡನ್ನು ಸುರಿಸುವುವು. ರೋಮಕೂಪದ ಒಳಗೋಡೆ ದಪ್ಪವಾಗಿ ದಾರಿ ಕಟ್ಟುವುದು. ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ವೃದ್ಧಿಯಾಗುವುವು. ಚರ್ಮ ಕೆರಳಿ ಕೆಂಪಾಗುವುದು. ಸುಶ್ರುತನು ತಾರುಣ್ಯವನ್ನು ಎತ್ತಿ ಹೇಳಿದುದು ಎಷ್ಟು ಸರಿಯಾದ ನೋಟವೆಂಬುದು ಇಲ್ಲಿ ಮನದಟ್ಟಾಗುವುದು.

ಇದಾದ ಮೇಲೆ ಬಂದ ಒಂದು ಔಷಧದ ಕಥೆ ಈ ವಿಚಾರಕ್ಕೆಲ್ಲ ಕನ್ನಡಿಯಂತಿದೆ. ಆಲ್ಡೊಸ್ಟಿರೋನನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ, ಅದರ ಅಪ್ಪಣೆ ನಡೆಯದಂತೆ ತಡೆದು ಉಪ್ಪನ್ನೂ ನೀರನ್ನೂ ದೇಹದಿಂದ ಹೊರಡಿಸುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಸಿದ್ಧವಾಯಿತು. ಮುಂದೆ ಅದೇ ಮಾತ್ರೆ ಸ್ತ್ರೀಯರ ಮೊಡವೆಯನ್ನೂ ಇಳಿಸುವುದೆಂದು ಕಂಡುಬಂದಿತು. ೨೦೨೩ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ ದೇಶಗಳ ೪೧೦ ಮಂದಿ ಸ್ತ್ರೀಯರಲ್ಲಿ ಕೆಲವರಿಗೆ ಈ ಔಷಧವನ್ನೂ ಕೆಲವರಿಗೆ ಅದರಂತೆಯೇ ತೋರುವ ನಿರ್ವೀರ್ಯ ಮಾತ್ರೆಯನ್ನೂ ಕೊಟ್ಟು ನೋಡಿದಾಗ ಔಷಧವನ್ನು ಪಡೆದವರಿಗೆ ಹೆಚ್ಚು ಗುಣವಾಯಿತು. ಉಪ್ಪುನೀರನ್ನು ಹೊರದೂಡುವ ಮಾತ್ರೆಯಿಂದ ಮೊಡವೆ ಇಳಿಯಿತು. ಆದುದರಿಂದ ಉಪ್ಪುನೀರೇ ಮೊಡವೆಗೆ ಮೂಲ. ಇದಕ್ಕಿಂತ ನೇರವಾದ ಪ್ರಮಾಣ ಬೇಕೆ, ಎಂದು ತೋರಬಹುದು.

ಆದರೆ ಗುಣ ಬಂದ ದಾರಿ ಬೇರೆ. ಈ ಔಷಧವು ಆಲ್ಡೊಸ್ಟಿರೋನನ್ನು ತಡೆಯುವುದಲ್ಲದೆ ಪುರುಷ ಹಾರ್ಮೋನಿಗೂ ಅಡ್ಡಬಂದು ಜಿಡ್ಡಿನ ಗ್ರಂಥಿಗಳನ್ನು ತಣಿಸುವುದು. ಹಾರ್ಮೋನಿನ ಗೊಡವೆಗೆ ಹೋಗದೆ ನೀರನ್ನು ಮಾತ್ರ ಹೊರದೂಡುವ ಇತರ ಔಷಧಗಳು ೧೯೫೮ರಿಂದ ಬಳಕೆಯಲ್ಲಿದ್ದರೂ ಮೊಡವೆಯ ಚಿಕಿತ್ಸೆಯಲ್ಲಿ ಅವುಗಳಿಗೆ ಸ್ಥಾನ ದೊರೆಯಲಿಲ್ಲ. ಮಡಕೆಯ ಮಣ್ಣನ್ನು ಹೊತ್ತುತಂದ ಕುಂಬಾರನ ಕತ್ತೆಯು ಮಡಕೆಗೆ ಕಾರಣವಲ್ಲವೆಂದು ನೈಯಾಯಿಕರು ಪಾಠ ಹೇಳುವರಷ್ಟೆ. ಕತ್ತೆ ಅಲ್ಲಿ ಇದ್ದುದು ನಿಜ, ಮಣ್ಣು ಹೊತ್ತುದೂ ನಿಜ. ಆದರೂ ಅದು ಅನ್ಯಥಾಸಿದ್ಧ. ಈ ಮಾತ್ರೆಯ ಕಥೆಯಲ್ಲಿ ಉಪ್ಪುನೀರಿನ ಸ್ಥಾನವೂ ಅಂತಹುದೇ.

೬

ಹಾಗಾದರೆ ಊಟದ ಉಪ್ಪಿನ ವಿಷಯವನ್ನು ನೇರವಾಗಿ ಯಾರೂ ವಿಚಾರಿಸಲಿಲ್ಲವೇ ಎಂದರೆ, ವಿಚಾರಿಸಿರುವರು; ಆದರೆ ಬಹಳ ತಡವಾಗಿ. ೧೯೬೯ರಲ್ಲಿ ಅಮೆರಿಕೆಯ ಫುಲ್ಟನ್, ಪ್ಲೆವಿಗ್, ಕ್ಲಿಗ್‌ಮನ್ ಎಂಬವರು ೬೫ ಜನರಿಗೆ ಚಾಕೊಲೇಟು ತಿನ್ನಿಸಿ ಮೊಡವೆ ಹೆಚ್ಚಲಿಲ್ಲವೆಂದು ವರದಿಮಾಡಿದರು. ಚಾಕೊಲೇಟಿಗೆ ಬದಲಾಗಿ ಕೊಟ್ಟ ಮಿಠಾಯಿ ಸಕ್ಕರೆಯಲ್ಲಿಯೂ ಕೊಬ್ಬಿನಲ್ಲಿಯೂ ಅದಕ್ಕೆ ಸಮನಾಗಿದ್ದುದರಿಂದ ಆ ಪರೀಕ್ಷೆ ದುರ್ಬಲವೆಂದು ಮುಂದಿನವರು ಆಕ್ಷೇಪಿಸಿದರು. ಆದರೂ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೆಂಬ ಅಭಿಪ್ರಾಯ ವೈದ್ಯರಲ್ಲಿ ದೀರ್ಘಕಾಲ ಬೇರೂರಿತು. ೨೦೦೨ರಲ್ಲಿ ಪಪುವಾ ನ್ಯೂಗಿನಿಗೆ ಸೇರಿದ ಕಿಟಾವ ದ್ವೀಪದ ೧೨೦೦ ನಿವಾಸಿಗಳನ್ನು ಪರೀಕ್ಷಿಸಿದ ವರದಿ ಬಂದಾಗ ಆ ಅಭಿಪ್ರಾಯ ಸಡಿಲವಾಯಿತು. ಅವರಲ್ಲಿ ಒಬ್ಬರಿಗೂ ಮೊಡವೆಯಿರಲಿಲ್ಲ. ಅವರ ಊಟದಲ್ಲಿ ಉಪ್ಪು ಕಡಮೆ. ಆದರೆ ಸಕ್ಕರೆ, ಹಿಟ್ಟು, ಹಾಲುಗಳೂ ಅಲ್ಲಿ ಹೆಸರಿಗೆ ಮಾತ್ರ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನುವವನು ಹಸಿಯ ಸೌದೆಯೆಂಬ ಉಪಾಧಿಯನ್ನು ಮರೆತಂತೆ, ಕಿಟಾವದ ನಿದರ್ಶನದಿಂದ ಉಪ್ಪನ್ನು ಮಾತ್ರ ಹಿಡಿಯುವುದು ಸಾಧುವಲ್ಲ. ೨೦೦೭ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ೪೩ ತರುಣರ ಮೇಲೆ ಹನ್ನೆರಡು ವಾರ ನಡೆಸಿದ ಪರೀಕ್ಷೆಯಲ್ಲಿ, ರಕ್ತದ ಸಕ್ಕರೆಯನ್ನು ಬೇಗ ಏರಿಸದ ಆಹಾರವನ್ನು ಉಂಡವರ ಮೊಡವೆಗಳು ಹೆಚ್ಚಾಗಿ ತಗ್ಗಿದುವು. ಬೊಟ್ಟು ಹೆಚ್ಚಾಗಿ ಸಕ್ಕರೆ ಮೈದಾಗಳ ಕಡೆಗೆ ತಿರುಗಿತು.

ಉಪ್ಪನ್ನೇ ಗುರಿಯಾಗಿರಿಸಿಕೊಂಡು ಈಜಿಪ್ಟಿನ ಚರ್ಮವೈದ್ಯರು ನಡೆಸಿದ ವಿಚಾರಣೆ ೨೦೧೬ರಲ್ಲಿ ಪ್ರಕಟವಾಯಿತು. ಮೊಡವೆಯುಳ್ಳ ೨೦೦ ಜನರನ್ನೂ ಇಲ್ಲದ ೨೦೦ ಜನರನ್ನೂ ಹೋಲಿಸಿದಾಗ, ಮೊಡವೆಯುಳ್ಳವರು ಹೆಚ್ಚು ಉಪ್ಪನ್ನು ತಿನ್ನುತ್ತಿದ್ದರೆಂದೂ, ಹೆಚ್ಚು ತಿನ್ನುವವರಲ್ಲಿ ಮೊಡವೆ ಚಿಕ್ಕ ವಯಸ್ಸಿನಲ್ಲಿಯೇ ತೋರಿತೆಂದೂ ಕಂಡುಬಂದಿತು. ಆದರೆ ಉಪ್ಪಿನ ಪ್ರಮಾಣಕ್ಕೂ ಮೊಡವೆಯ ತೀವ್ರತೆಗೂ ಸಂಬಂಧ ಕಾಣಲಿಲ್ಲ. ಉಪ್ಪು ಹೆಚ್ಚಾಗಿರುವ ಕರಿದ ತಿಂಡಿ, ಅಂಗಡಿಯ ಪೊಟ್ಟಣದ ತಿನಿಸುಗಳಲ್ಲಿ ಮೈದಾ ಮತ್ತು ಕೊಬ್ಬೂ ಹೆಚ್ಚಾಗಿಯೇ ಇರುವುದರಿಂದ, ಇಂತಹ ಹೋಲಿಕೆಯಿಂದ ಅಪರಾಧಿಯನ್ನು ನಿಶ್ಚಯಿಸಲಾಗದು. ವಿಡಾಲನು ಬಾವಿನ ವಿಷಯದಲ್ಲಿ ಮಾಡಿದಂತೆ, ಉಳಿದೆಲ್ಲವನ್ನೂ ಹಾಗೆಯೇ ಇರಿಸಿ ಉಪ್ಪನ್ನು ಮಾತ್ರ ಕೊಟ್ಟು ತೆಗೆದು ನೋಡಿದಲ್ಲದೆ ಮೂರನೆಯ ಕೊಂಡಿ ಸಿದ್ಧವಾಗುವುದಿಲ್ಲ. ಸಂಶಯಕ್ಕೆ ಎಡೆಯುಂಟು, ತೀರ್ಪಿಗೆ ಆಧಾರ ಸಾಲದು.

ಈ ವಿವೇಕವು ಕೇವಲ ಪಂಡಿತರ ಚರ್ಚೆಗಾಗಿ ಬೇಕಾದುದಲ್ಲ. ಅಯೊಡಿನ್ ಮೊಡವೆ ತರುವುದೆಂದು ಹೆದರಿ ಅಯೊಡಿನ್ ಬೆರೆತ ಉಪ್ಪನ್ನು ಬಿಡುವವರೂ ಉಂಟು. ಔಷಧವಾಗಿ ದೊಡ್ಡ ಪ್ರಮಾಣದಲ್ಲಿ ಸೇವಿಸಿದ ಅಯೊಡೈಡಿಗೂ ಅಡುಗೆಯ ಉಪ್ಪಿನಲ್ಲಿರುವ ಕಣಮಾತ್ರದ ಅಯೊಡಿನ್ನಿಗೂ ಅಜಗಜಾಂತರವಿರುವುದು. ಅಮೆರಿಕೆಯ ಹಿಚ್ ಮತ್ತು ಗ್ರೀನ್‌ಬರ್ಗ್ ಎಂಬವರು ೧೯೬೧ರಲ್ಲಿ ತರುಣರನ್ನು ಪರೀಕ್ಷಿಸಿ, ಆಹಾರದ ಅಯೊಡಿನ್ನಿಗೂ ಮೊಡವೆಗೂ ನಂಟು ಕಾಣದೆಂದು ಹೇಳಿದರು. ಭಾರತದಲ್ಲಿ ಈ ಉಪ್ಪಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಹಿಮಾಲಯದ ಕಾಂಗ್ಡಾ ಕಣಿವೆಯಲ್ಲಿ ೧೯೫೬ರಿಂದ ವಿ. ರಾಮಲಿಂಗಸ್ವಾಮಿಯವರೂ ಅವರ ಸಂಗಡಿಗರೂ ನಡೆಸಿದ ಪರೀಕ್ಷೆಗಳಿಂದ, ಅಯೊಡಿನ್ ಬೆರೆತ ಉಪ್ಪು ಗಳಗಂಡವನ್ನು ತಗ್ಗಿಸುವುದೆಂದು ಸಿದ್ಧವಾಯಿತು. ೧೯೬೨ರಲ್ಲಿ ಸರಕಾರವು ಗಳಗಂಡ ನಿವಾರಣೆಯ ಕಾರ್ಯಕ್ರಮವನ್ನು ಆರಂಭಿಸಿತು. ಗರ್ಭಿಣಿಗೆ ಅಯೊಡಿನ್ ಸಾಲದಿದ್ದರೆ ಹುಟ್ಟುವ ಮಗುವಿನ ಬುದ್ಧಿಶಕ್ತಿಗೇ ಕುಂದು ತಗಲುವುದು. ತರುಣಿಯೊಬ್ಬಳು ಮುಖದ ಗುಳ್ಳೆಗಾಗಿ ಆ ಉಪ್ಪನ್ನು ತ್ಯಜಿಸುವುದು ಎಷ್ಟು ದುಬಾರಿಯಾದ ವ್ಯಾಪಾರವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹಾಗೆಂದ ಮಾತ್ರಕ್ಕೆ ಉಪ್ಪನ್ನು ಯಥೇಚ್ಛವಾಗಿ ತಿನ್ನಬಹುದೆಂಬ ಅರ್ಥವಲ್ಲ. ವಯಸ್ಕರಿಗೆ ದಿನಕ್ಕೆ ೫ ಗ್ರಾಮಿಗಿಂತ ಕಡಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿರುವುದು. ಭಾರತೀಯರು ಸರಾಸರಿ ೮ ಗ್ರಾಂ ಸೇವಿಸುವರೆಂದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಹೇಳುವುದು. ಅಧಿಕವಾದ ಉಪ್ಪು ರಕ್ತದ ಒತ್ತಡವನ್ನು ಏರಿಸಿ ಹೃದಯ, ಮೆದುಳು, ಮೂತ್ರಪಿಂಡಗಳಿಗೆ ಕೇಡು ತರುವುದೆಂಬುದು ಸಿದ್ಧವಾದ ವಿಷಯ. ಉಪ್ಪನ್ನು ಹಿತಮಿತವಾಗಿ ಬಳಸಲು ಇಷ್ಟು ಕಾರಣ ಸಾಕು; ಮಗುವಿನ ಮೊಡವೆಯನ್ನು ಸಾಕ್ಷಿಗೆ ಕರೆಯಬೇಕಾಗಿಲ್ಲ. ಮಿತಿ ಬೇಕಾದುದು ಮನೆಯವರೆಲ್ಲರ ಎಲೆಗೆ, ಅದರಲ್ಲಿಯೂ ಹಿರಿಯರ ಎಲೆಗೆ. ಮೊಡವೆಯ ಮಗುವಿನ ಎಲೆಯೊಂದಕ್ಕೆ ಮಾತ್ರ ಕಟ್ಟುಮಾಡುವುದು ನ್ಯಾಯವಾಗಲಾರದು. ಆ ಮಗುವಿಗೆ ಬೇಕಾದುದು ತಕ್ಕ ವೈದ್ಯರ ಸಲಹೆ, ಸ್ವಲ್ಪ ಕಾಲ, ಇದು ನಿನ್ನ ತಪ್ಪಲ್ಲವೆಂಬ ಒಂದು ಮಾತು.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಎಂದೆಂದಿಗೂ ನಿಜವಾದುದು. ಆದರೆ ಮುಖದಲ್ಲಿ ಮೊಡವೆ ಎದ್ದವರೆಲ್ಲ ಉಪ್ಪು ತಿಂದ ತಪ್ಪಿತಸ್ಥರೆಂದು ಆ ಗಾದೆ ಎಲ್ಲಿಯೂ ಹೇಳಿಲ್ಲ.